ವೈರಸ್ ಸೋಂಕು ಮತ್ತು ನರಗಳ ತೊಂದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ನರರೋಗಿಗಳ ಫಿಸಿಯೊಥೆರಪಿ ನನ್ನ ಕೆಲಸ. ರೋಗಿಗಳೂ ಅವರ ಮನೆಯವರೂ ಪತ್ರಗಳಲ್ಲಿ, ಫೋನಿನಲ್ಲಿ, ವ್ಯಾಯಾಮದ ನಡುವೆ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಜೋಡಿಸಿದ್ದೇನೆ. ಈ ಕಾಯಿಲೆಗಳಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ ಒಂದಿದೆ. ಅವಸರ ಮಾಡಬೇಕಾದ ಮೊದಲ ಮೂರ್ನಾಲ್ಕು ದಿನಗಳಲ್ಲಿ ಜನ ಕಾಯುತ್ತಾ ಕೂರುತ್ತಾರೆ. ತಾಳ್ಮೆ ಬೇಕಾದ ಮುಂದಿನ ತಿಂಗಳುಗಳಲ್ಲಿ ಭರವಸೆ ಕಳೆದುಕೊಂಡು ಚಿಕಿತ್ಸೆ ಬಿಡುತ್ತಾರೆ. ಉತ್ತರಗಳನ್ನು ಬರೆಯುವಾಗ ಇದೇ ನನ್ನ ಮನಸ್ಸಿನಲ್ಲಿತ್ತು. ಇವು ತಿಳಿವಳಿಕೆಗಾಗಿ, ಔಷಧದ ತೀರ್ಮಾನವನ್ನು ನಿಮ್ಮನ್ನು ಪರೀಕ್ಷಿಸಿದ ವೈದ್ಯರೇ ಮಾಡಬೇಕು.

## ಮೊದಲು ತಿಳಿಯಬೇಕಾದದ್ದು

ಜ್ವರ ಬಂದು ವಾಸಿಯಾಗಿ ಎರಡು ವಾರವಾಯಿತು. ಈಗ ಕಾಲು ಜೋಮು ಹಿಡಿಯುತ್ತಿದೆ. ಎರಡಕ್ಕೂ ಸಂಬಂಧ ಇದೆಯೇ?

ಇರಬಹುದು. ಸೋಂಕು ತಣ್ಣಗಾದ ಮೇಲೆ ಒಂದರಿಂದ ಆರು ವಾರಗಳ ಒಳಗೆ ಕಾಣಿಸಿಕೊಳ್ಳುವ ನರದ ತೊಂದರೆಗಳು ಹಲವಿವೆ. ಆದರೆ ಜೋಮಿಗೆ ಸಕ್ಕರೆ ಕಾಯಿಲೆ, ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ, ಮದ್ಯಪಾನ, ಬೆನ್ನಿನ ಡಿಸ್ಕ್ ಒತ್ತುವುದು ಇವೂ ಕಾರಣವಾಗುತ್ತವೆ. ಹೀಗಾಗಿ ವೈದ್ಯರಲ್ಲಿ ಹೋದಾಗ ಹಿಂದಿನ ಎರಡು ತಿಂಗಳಲ್ಲಿ ಬಂದ ಜ್ವರ, ಭೇದಿ, ನೆಗಡಿ, ಮೈಮೇಲಿನ ಗುಳ್ಳೆ, ಹಾಕಿಸಿಕೊಂಡ ಲಸಿಕೆ ಎಲ್ಲವನ್ನೂ ದಿನಾಂಕದ ಸಮೇತ ಹೇಳಿ. ‘ಅದು ಆಗಲೇ ವಾಸಿಯಾಯಿತಲ್ಲ’ ಎಂದು ಬಿಟ್ಟುಬಿಡುವ ಆ ಒಂದು ಮಾತೇ ರೋಗ ಪತ್ತೆಗೆ ದಾರಿ ತೋರಿಸುವುದುಂಟು.

ವೈರಸ್ಸಿಗೂ ನರಕ್ಕೂ ಏನು ಸಂಬಂಧ? ಅದು ಒಳಗೆ ಹೋಗುವುದಾದರೂ ಹೇಗೆ?

ಕೆಲವು ವೈರಸ್‌ಗಳು ನರದೊಳಗೇ ಸಾಗುತ್ತವೆ. ರೇಬೀಸ್ ಇದಕ್ಕೆ ಘೋರ ಉದಾಹರಣೆ: ಕಚ್ಚಿದ ಜಾಗದ ನರತುದಿಯನ್ನು ಹಿಡಿದು ಬೆನ್ನುಹುರಿಯತ್ತ, ಅಲ್ಲಿಂದ ಮೆದುಳಿಗೆ ಏರುತ್ತದೆ. ಲಕ್ಷಣ ಶುರುವಾದ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ಕಡಿಮೆ. ಅದು ಮೆದುಳು ಮುಟ್ಟುವ ಮೊದಲು ಸಿಗುವ ಸಮಯವೇ ನಮ್ಮ ಏಕೈಕ ಅವಕಾಶ. ಆದ್ದರಿಂದಲೇ ಗಾಯವನ್ನು ತಕ್ಷಣ ಸೋಪು ನೀರಿನಿಂದ 15 ನಿಮಿಷ ತೊಳೆದು, ಅದೇ ದಿನ ಲಸಿಕೆ ಶುರುಮಾಡಬೇಕು.

ಹರ್ಪಿಸ್ ಕುಟುಂಬದ ವೈರಸ್‌ಗಳು ನರದ ಜೀವಕೋಶದಲ್ಲಿ ವರ್ಷಗಟ್ಟಲೆ ಸುಮ್ಮನೆ ತಂಗುತ್ತವೆ. ಪೋಲಿಯೊ ವೈರಸ್ ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನು ಬೆನ್ನುಹುರಿಯಲ್ಲಿಯೇ ಕೊಲ್ಲುತ್ತದೆ. ಇನ್ನು ಕೆಲವು ಸಂದರ್ಭಗಳಲ್ಲಿ ವೈರಸ್ ನರವನ್ನು ಮುಟ್ಟುವುದೇ ಇಲ್ಲ. ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳು ನರದ ಮೇಲ್ಮೈಯನ್ನೂ ಶತ್ರುವೆಂದು ತಿಳಿದು ದಾಳಿ ಮಾಡುತ್ತವೆ. ಚಿಕಿತ್ಸೆ ಒಬ್ಬರಿಂದ ಒಬ್ಬರಿಗೆ ಬೇರೆಯಾಗುವುದು ಈ ವ್ಯತ್ಯಾಸದಿಂದಲೇ.

ಯಾವ ಲಕ್ಷಣ ಕಂಡರೆ ಬೆಳಗಾಗುವವರೆಗೂ ಕಾಯಬಾರದು?

ದೌರ್ಬಲ್ಯ ಗಂಟೆಗಳಲ್ಲಿ ಅಥವಾ ದಿನದಿಂದ ದಿನಕ್ಕೆ ಮೇಲೇರುತ್ತಿದ್ದರೆ ಕಾಯಬೇಡಿ. ಮೊನ್ನೆ ಮೆಟ್ಟಿಲು ಹತ್ತಲು ಕಷ್ಟವಾಗಿತ್ತು, ನಿನ್ನೆ ಕುರ್ಚಿಯಿಂದ ಏಳಲಾಗಲಿಲ್ಲ, ಇಂದು ಅಂಗಿಯ ಗುಂಡಿ ಹಾಕಿಕೊಳ್ಳಲಾಗುತ್ತಿಲ್ಲ ಎಂದರೆ ಅದು ತುರ್ತು. ಉಸಿರು ಸಾಲದಿರುವುದು, ನುಂಗಲು ತೊಡಕು, ಧ್ವನಿ ಕ್ಷೀಣಿಸುವುದು, ಎರಡೆರಡು ಕಾಣುವುದು, ಮೂತ್ರ ಕಟ್ಟುವುದು, ಜ್ವರದೊಂದಿಗೆ ಗೊಂದಲ ಅಥವಾ ಫಿಟ್ಸ್, ಮೂಗಿನ ತುದಿಯಲ್ಲೋ ಕಣ್ಣಿನ ಸುತ್ತಲೋ ಗುಳ್ಳೆ ಇವೂ ಹಾಗೆಯೇ. ಮುಖ, ಕೈ, ಕಾಲು ಒಂದೇ ಬದಿಯಲ್ಲಿ ಏಕಾಏಕಿ ಸೋತರೆ ಅದನ್ನು ಪಾರ್ಶ್ವವಾಯು ಎಂದೇ ಭಾವಿಸಿ ಹೊರಡಿ.

ಮನೆಯಲ್ಲಿ ಪುಟ್ಟ ಮಗು ಇದೆ. ಇದು ಅಂಟುತ್ತದೆಯೇ?

ನರದ ತೊಂದರೆ ಅಂಟುವುದಿಲ್ಲ. ಅದಕ್ಕೆ ಕಾರಣವಾದ ವೈರಸ್ ಅಂಟಬಹುದು, ಅಷ್ಟೇ. ಸರ್ಪಸುತ್ತಿನ ಗುಳ್ಳೆಯ ನೀರು ತಾಗಿದರೆ, ಹಿಂದೆ ಚಿಕನ್‌ಪಾಕ್ಸ್ ಬಾರದ, ಲಸಿಕೆಯನ್ನೂ ಪಡೆಯದ ವ್ಯಕ್ತಿಗೆ ಚಿಕನ್‌ಪಾಕ್ಸ್ ಬರಬಹುದು. ಸರ್ಪಸುತ್ತು ನೇರವಾಗಿ ಬರುವುದಿಲ್ಲ. ಗುಳ್ಳೆಗಳು ಒಣಗಿ ಹಕ್ಕಳೆಗಟ್ಟುವವರೆಗೆ ಬಟ್ಟೆಯಿಂದ ಮುಚ್ಚಿಡಿ; ಶಿಶುಗಳು, ಗರ್ಭಿಣಿಯರು ಮತ್ತು ರೋಗನಿರೋಧಕ ಶಕ್ತಿ ಕುಗ್ಗಿದವರಿಂದ ದೂರವಿರಿ.

## ಸರ್ಪಸುತ್ತು ಮತ್ತು ಅದರ ನಂತರದ ನೋವು

ಚಿಕ್ಕವಳಿದ್ದಾಗ ಚಿಕನ್‌ಪಾಕ್ಸ್ ಬಂದಿತ್ತು. ಐವತ್ತು ವರ್ಷದ ನಂತರ ಅದೇ ವೈರಸ್ ಬಂದಿದೆ ಎನ್ನುತ್ತಾರೆ. ಇಷ್ಟು ದಿನ ಅದು ಎಲ್ಲಿತ್ತು?

ನಿಮ್ಮ ಬೆನ್ನುಹುರಿಯ ಪಕ್ಕದಲ್ಲೇ, ಸ್ಪರ್ಶ ಮತ್ತು ನೋವಿನ ಸುದ್ದಿಯನ್ನು ಒಯ್ಯುವ ನರಗಂಟುಗಳಲ್ಲಿ. ಚಿಕನ್‌ಪಾಕ್ಸ್ ಗುಣವಾದಾಗ ಚರ್ಮದಲ್ಲಿದ್ದ ವೈರಸ್ ಅಳಿಯುತ್ತದೆ, ಗಂಟಿನೊಳಗೆ ಸೇರಿದ್ದು ಉಳಿದುಕೊಳ್ಳುತ್ತದೆ. ವಯಸ್ಸು, ಇನ್ನೊಂದು ಕಾಯಿಲೆ ಅಥವಾ ಔಷಧದಿಂದ ರೋಗನಿರೋಧಕ ಶಕ್ತಿಯ ಹಿಡಿತ ಸಡಿಲವಾದಾಗ ಯಾವುದೋ ಒಂದು ಗಂಟಿನಿಂದ ಹೊರಟು, ಆ ನರ ಹರಡಿದ ಚರ್ಮದ ಪಟ್ಟಿಗಷ್ಟೇ ಬರುತ್ತದೆ. ಗುಳ್ಳೆಗಳು ದೇಹದ ನಡುಗೆರೆಯ ಬಳಿ ನಿಂತುಬಿಡುವುದು ಇದೇ ಕಾರಣಕ್ಕೆ.

ಇದನ್ನು ಸ್ಪಷ್ಟವಾಗಿ ಮಂಡಿಸಿದವರು ಎಡ್ಗರ್ ಹೋಪ್-ಸಿಂಪ್ಸನ್. ಅವರು ಇಂಗ್ಲೆಂಡಿನ ಸೈರೆನ್‌ಸೆಸ್ಟರ್ ಊರಿನ ಸಾಮಾನ್ಯ ಕುಟುಂಬ ವೈದ್ಯರು, ದೊಡ್ಡ ಪ್ರಯೋಗಾಲಯದ ವಿಜ್ಞಾನಿಯಲ್ಲ. ತಮ್ಮ ರೋಗಿಗಳ ದಾಖಲೆಯನ್ನು ವರ್ಷಗಟ್ಟಲೆ ಇಟ್ಟರು, ಯಾರಿಗೆ ಯಾವ ಸೋಂಕು ಬಂತೆಂದು ಹುಡುಕಲು ಸಾಧ್ಯವಿರುವಷ್ಟು ಕಡಿಮೆ ಜನರಿದ್ದ ಶೆಟ್‌ಲ್ಯಾಂಡಿನ ಯೆಲ್ ದ್ವೀಪಕ್ಕೂ ಹೋಗಿ ವಿಚಾರಿಸಿದರು. ಸರ್ಪಸುತ್ತು ಹೊರಗಿನಿಂದ ಬರುವುದಲ್ಲ, ಒಳಗೇ ಅಡಗಿದ್ದ ವೈರಸ್ ಎಚ್ಚೆತ್ತುಕೊಳ್ಳುವುದು ಎಂಬ ಅವರ ಪ್ರಬಂಧ 1965ರಲ್ಲಿ ಪ್ರಕಟವಾಯಿತು. ರೋಗಿಯ ಮಾತನ್ನು ಗಮನವಿಟ್ಟು ಕೇಳಿ ಬರೆದಿಡುವುದರ ಬೆಲೆ ಏನೆಂದು ಯಾರಾದರೂ ಕೇಳಿದರೆ ನಾನು ಇವರ ಹೆಸರು ಹೇಳುತ್ತೇನೆ.

ಗುಳ್ಳೆಗಳು ಮೈಯ ಸುತ್ತ ಪೂರ್ತಿ ಸುತ್ತಿಕೊಂಡರೆ ಜೀವಕ್ಕೇ ಅಪಾಯವಂತೆ. ನಿಜವೇ?

ನಿಜವಲ್ಲ. ಸುತ್ತು ಪೂರ್ತಿಯಾಗುವುದೇ ತೀರಾ ಅಪರೂಪ, ಆದರೂ ಅದರಿಂದ ಯಾರೂ ಸಾಯುವುದಿಲ್ಲ. ಈ ಭಯದಲ್ಲಿ ಗುಳ್ಳೆಗೆ ಏನೇನೋ ಹಚ್ಚುತ್ತಾ ಮೊದಲ ಮೂರು ದಿನ ಕಳೆಯುವುದೇ ನಿಜವಾದ ನಷ್ಟ. ಗುಳ್ಳೆ ಎದ್ದ 72 ಗಂಟೆಗಳ ಒಳಗೆ ಅಸೈಕ್ಲೋವಿರ್ ಅಥವಾ ವಾಲಾಸೈಕ್ಲೋವಿರ್ ಮಾತ್ರೆ ಶುರುವಾದರೆ ಗುಳ್ಳೆ ಬೇಗ ಮಾಗುತ್ತದೆ, ಆರಂಭದ ನೋವೂ ತಗ್ಗುತ್ತದೆ. ಹೊಸ ಗುಳ್ಳೆ ಏಳುತ್ತಲೇ ಇದ್ದರೆ, ಕಣ್ಣು ಅಥವಾ ಕಿವಿಗೆ ತಗುಲಿದ್ದರೆ, ರೋಗನಿರೋಧಕ ಶಕ್ತಿ ಕಡಿಮೆಯಿದ್ದರೆ 72 ಗಂಟೆ ಮೀರಿದರೂ ಕೊಡುತ್ತಾರೆ. ಗುಳ್ಳೆಗೆ ಎರಡು ಮೂರು ದಿನ ಮೊದಲೇ ಒಂದು ಬದಿಯಲ್ಲಷ್ಟೇ ಉರಿ ಅಥವಾ ಚುಚ್ಚುವ ನೋವು ಬರುವುದರಿಂದ ಎದೆನೋವೆಂದೋ ಮೂತ್ರಪಿಂಡದ ಕಲ್ಲೆಂದೋ ಅಂದುಕೊಳ್ಳುವುದು ಸಾಮಾನ್ಯ.

ಗುಳ್ಳೆ ಒಣಗಿ ನಾಲ್ಕು ತಿಂಗಳಾಯಿತು. ಅಂಗಿ ತಾಗಿದರೂ ಪ್ರಾಣ ಹೋಗುವಂತಾಗುತ್ತದೆ. ಮನೆಯಲ್ಲಿ ಯಾರೂ ನಂಬುತ್ತಿಲ್ಲ.

ನಾನು ನಂಬುತ್ತೇನೆ. ಸರ್ಪಸುತ್ತು ಶುರುವಾಗಿ ಮೂರು ತಿಂಗಳು ಕಳೆದರೂ ಉಳಿಯುವ ಈ ನೋವಿಗೆ ಸರ್ಪಸುತ್ತಿನ ನಂತರದ ನರಶೂಲೆ ಎನ್ನುತ್ತಾರೆ. ಚರ್ಮ ನೋಡಲು ಸರಿಯಾಗಿಯೇ ಇರುತ್ತದೆ, ಕೆಟ್ಟಿರುವುದು ಕೆಳಗಿನ ನರ. ಹಾನಿಗೊಂಡ ನರ ಕಾರಣವಿಲ್ಲದೆ ಸಂಕೇತ ಕಳಿಸುತ್ತಲೇ ಇರುತ್ತದೆ, ಬೆನ್ನುಹುರಿಯೂ ಹದ ತಪ್ಪಿ ಮೃದುವಾದ ಸ್ಪರ್ಶವನ್ನೇ ನೋವೆಂದು ಓದುತ್ತದೆ. ಹೀಗಾಗಿಯೇ ಒತ್ತಿ ಹಿಡಿದರೆ ತಾಳಬಹುದು, ಬಟ್ಟೆಯ ಅಂಚು ಸವರಿದರೆ ತಾಳಲಾಗದು ಎನ್ನುವ ವಿಚಿತ್ರ ಸ್ಥಿತಿ.

ಸಾಮಾನ್ಯ ನೋವಿನ ಮಾತ್ರೆಗಳು ಇಲ್ಲಿ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಗಾಬಾಪೆಂಟಿನ್, ಪ್ರಿಗಾಬಾಲಿನ್, ಅಮಿಟ್ರಿಪ್ಟಿಲಿನ್‌ನಂಥ ಔಷಧಗಳನ್ನು ಸಣ್ಣ ಪ್ರಮಾಣದಿಂದ ಶುರುಮಾಡಿ ವಾರಗಳಲ್ಲಿ ಏರಿಸುತ್ತಾರೆ. ಚರ್ಮಕ್ಕೆ ಅಂಟಿಸುವ ಲಿಡೊಕೇನ್ ಪಟ್ಟಿಯೂ ಇದೆ. ಎರಡು ದಿನ ನುಂಗಿ ‘ಗುಣವಿಲ್ಲ’ ಎಂದು ಬಿಡಬೇಡಿ. ಬಿಡುವುದಾದರೂ ಒಮ್ಮೆಲೇ ಬಿಡಬಾರದು. ಇವು ತೂಕಡಿಕೆ ಮತ್ತು ತಲೆಸುತ್ತು ತರುವುದರಿಂದ ವಯಸ್ಸಾದವರು ರಾತ್ರಿ ಎದ್ದು ಬೀಳುವ ಅಪಾಯವಿದೆ. ಸಡಿಲವಾದ, ನುಣುಪಾದ ಬಟ್ಟೆ ಹಾಕಿಕೊಳ್ಳಿ. ಮತ್ತು ಮನೆಯವರಿಗೆ ಈ ಉತ್ತರವನ್ನು ಓದಿ ಹೇಳಿ.

ಒಮ್ಮೆ ಬಂದು ಹೋಯಿತಲ್ಲ, ಇನ್ನು ಲಸಿಕೆ ಏಕೆ?

ಮತ್ತೆ ಬರಬಹುದು, ಅದಕ್ಕೆ. ಈಗ ಬಳಕೆಯಲ್ಲಿರುವ ಶಿಂಗ್ರಿಕ್ಸ್ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ. ಎರಡರಿಂದ ಆರು ತಿಂಗಳ ಅಂತರದಲ್ಲಿ ಎರಡು ಡೋಸ್. 50 ದಾಟಿದವರಲ್ಲಿ ನಡೆದ ದೊಡ್ಡ ಪ್ರಯೋಗಗಳಲ್ಲಿ ಸರ್ಪಸುತ್ತನ್ನು ತಡೆಯುವ ಪ್ರಮಾಣ ಶೇ 90ಕ್ಕಿಂತ ಹೆಚ್ಚು. ಗುಳ್ಳೆ ಇರುವಾಗ ಹಾಕಿಸಬಾರದು, ಪೂರ್ತಿ ಮಾಗಲಿ. ಈಗಾಗಲೇ ಇರುವ ನರಶೂಲೆಯನ್ನು ಇದು ಗುಣಪಡಿಸುವುದಿಲ್ಲ.

## ಮುಖದ ನರ

ಬೆಳಿಗ್ಗೆ ಎದ್ದು ಮುಖ ತೊಳೆಯುವಾಗ ನೀರು ಬಾಯಿಂದ ಸೋರಿತು. ಕನ್ನಡಿ ನೋಡಿದರೆ ಬಾಯಿ ಸೊಟ್ಟಗಾಗಿದೆ. ಇದು ಪಾರ್ಶ್ವವಾಯುವೇ?

ಮೊದಲು ಹುಬ್ಬನ್ನು ಮೇಲೆತ್ತಿಸಿ ನೋಡುತ್ತಾರೆ. ಮುಖದ ನರವೇ ಸೋತಿದ್ದರೆ ಆ ಬದಿಯ ಹಣೆಯಲ್ಲಿ ಗೆರೆ ಮೂಡುವುದಿಲ್ಲ, ಕಣ್ಣು ಮುಚ್ಚುವುದಿಲ್ಲ. ಇದು ಬೆಲ್ಸ್ ಪಾಲ್ಸಿ. ಮೆದುಳಿನ ಪಾರ್ಶ್ವವಾಯುವಿನಲ್ಲಿ ಸಾಮಾನ್ಯವಾಗಿ ಹಣೆ ಆಡುತ್ತದೆ, ಬಾಯಿ ಮಾತ್ರ ಜಾರುತ್ತದೆ. ಆದರೆ ಈ ತೀರ್ಮಾನವನ್ನು ಮನೆಯಲ್ಲಿ ಮಾಡಬೇಡಿ, ಆಸ್ಪತ್ರೆಯಲ್ಲಿ ಮಾಡಲಿ.

ಬೆಲ್ಸ್ ಪಾಲ್ಸಿಗೆ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ ಮರಳಿ ಎಚ್ಚೆತ್ತು ನರ ಊದಿಕೊಳ್ಳುವುದು ಕಾರಣವಿರಬಹುದೆಂಬ ಅನುಮಾನ ಬಲವಾಗಿದೆ. ನರ ಸಾಗುವುದು ಮೂಳೆಯೊಳಗಿನ ಕಿರಿದಾದ ಹಾದಿಯಲ್ಲಿ. ಊದಿಕೊಂಡರೆ ಅದಕ್ಕೆ ಜಾಗವಿಲ್ಲ. 72 ಗಂಟೆಗಳೊಳಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಶುರುವಾಗಬೇಕು. 2007ರಲ್ಲಿ ಪ್ರಕಟವಾದ ಸ್ಕಾಟ್ಲೆಂಡಿನ ಪ್ರಯೋಗದಲ್ಲಿ ಒಂಬತ್ತು ತಿಂಗಳ ನಂತರ ಪೂರ್ತಿ ಗುಣವಾದವರು ಪ್ರೆಡ್ನಿಸೊಲೋನ್ ಪಡೆದವರಲ್ಲಿ ಶೇ 94, ಪಡೆಯದವರಲ್ಲಿ ಶೇ 82. ಅಸೈಕ್ಲೋವಿರ್ ಒಂದನ್ನೇ ಕೊಟ್ಟರೆ ಪ್ರಯೋಜನ ಕಾಣಲಿಲ್ಲ.

ಕಣ್ಣನ್ನು ಮರೆಯಬೇಡಿ. ರೆಪ್ಪೆ ಮುಚ್ಚದಿದ್ದರೆ ಕರಿಗುಡ್ಡೆ ಒಣಗಿ ಹುಣ್ಣಾಗುತ್ತದೆ. ಹಗಲಲ್ಲಿ ಕಣ್ಣೀರಿನ ಹನಿ, ರಾತ್ರಿ ಮುಲಾಮು ಹಾಕಿ ರೆಪ್ಪೆ ಮುಚ್ಚಿ ಟೇಪು ಅಂಟಿಸುವುದು. ಮುಖ ಸೋಲುವುದರ ಜೊತೆಗೆ ಕಿವಿಯಲ್ಲಿ ಗುಳ್ಳೆ, ವಿಪರೀತ ಕಿವಿನೋವು, ತಲೆಸುತ್ತು ಇದ್ದರೆ ಅದು ಚಿಕನ್‌ಪಾಕ್ಸ್ ವೈರಸ್ಸಿನಿಂದಾಗುವ ರಾಮ್ಸೆ ಹಂಟ್ ಸಿಂಡ್ರೋಮ್. ಅದಕ್ಕೆ ವೈರಸ್ ನಿರೋಧಕ ಔಷಧವೂ ಬೇಕು, ಗುಣವಾಗುವುದೂ ನಿಧಾನ.

ಮುಖಕ್ಕೆ ಕರೆಂಟ್ ಚಿಕಿತ್ಸೆ ಕೊಡಿಸಬೇಕೇ?

ನಾನು ಒತ್ತಾಯಿಸುವುದಿಲ್ಲ. ಅದರಿಂದ ಚೇತರಿಕೆ ಹೆಚ್ಚುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಜೋರಾಗಿ ಗಾಳಿ ಊದಿಸುವ, ಬಲವಂತವಾಗಿ ಮುಖ ಹಿಂಡಿಸುವ ವ್ಯಾಯಾಮಕ್ಕಿಂತ ಕನ್ನಡಿಯ ಮುಂದೆ ನಿಧಾನವಾಗಿ, ಎರಡೂ ಬದಿ ಸಮವಾಗಿ, ಸಣ್ಣ ಸಣ್ಣ ಚಲನೆ ಮಾಡುವುದು ಮೇಲು. ನರ ಮರಳಿ ಬೆಳೆಯುವಾಗ ಎಳೆಗಳು ತಪ್ಪು ಸ್ನಾಯುವಿಗೆ ಸೇರಿಕೊಂಡರೆ ನಕ್ಕಾಗ ಕಣ್ಣು ಮುಚ್ಚಿಕೊಳ್ಳುತ್ತದೆ. ಅಂಥದ್ದು ಕಂಡರೆ ಬಲ ಹಾಕುವುದನ್ನು ನಿಲ್ಲಿಸಿ, ಮುಖದ ಪುನಶ್ಚೇತನ ಬಲ್ಲವರನ್ನು ಕಾಣಿರಿ.

## ಗಿಲನ್ ಬಾರೆ ಸಿಂಡ್ರೋಮ್

ಜಿಬಿಎಸ್ ಎಂದು ಬರೆದುಕೊಟ್ಟಿದ್ದಾರೆ. ಹಾಗೆಂದರೇನು? ಎಲ್ಲಿಂದ ಬಂತು?

ಗಿಲನ್ ಬಾರೆ ಸಿಂಡ್ರೋಮ್ ಎಂಬ ಹೆಸರಿನ ಸಂಕ್ಷಿಪ್ತ ರೂಪ. ಸೋಂಕಿನ ವಿರುದ್ಧ ಎದ್ದ ರೋಗನಿರೋಧಕ ಶಕ್ತಿ ನರಗಳ ಮೇಲೇ ದಾಳಿ ಮಾಡಿ ಕೈಕಾಲು ಸೋಲುವ ಕಾಯಿಲೆ ಇದು. 1916ರಲ್ಲಿ ಫ್ರಾನ್ಸಿನ ಗಿಲನ್, ಬಾರೆ ಮತ್ತು ಸ್ಟ್ರೋಲ್ ಎಂಬ ವೈದ್ಯರು ಇಬ್ಬರು ಸೈನಿಕರಲ್ಲಿ ಇದನ್ನು ವಿವರಿಸಿದರು. ಬೆನ್ನುಹುರಿಯ ದ್ರವದಲ್ಲಿ ಪ್ರೋಟೀನ್ ಏರಿರುವುದು, ಜೀವಕೋಶಗಳು ಮಾತ್ರ ಹೆಚ್ಚದಿರುವುದು ಅವರ ಗಮನಕ್ಕೆ ಬಂದ ವಿಶೇಷ. ಇಂದಿಗೂ ನಾವು ಅದನ್ನೇ ಹುಡುಕುತ್ತೇವೆ. ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಬರುತ್ತದೆ. ಮೂರರಲ್ಲಿ ಎರಡು ಪಾಲು ರೋಗಿಗಳಿಗೆ ಹಿಂದಿನ ಕೆಲವು ವಾರಗಳಲ್ಲಿ ಭೇದಿಯೋ ಶ್ವಾಸದ ಸೋಂಕೋ ಆಗಿರುತ್ತದೆ. ಅತಿ ಸಾಮಾನ್ಯ ಪ್ರಚೋದಕ ವೈರಸ್ ಅಲ್ಲ, ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ. ವೈರಸ್‌ಗಳಲ್ಲಿ ಸೈಟೊಮೆಗಲೊ, ಎಪ್‌ಸ್ಟೈನ್ ಬಾರ್, ಹೆಪಟೈಟಿಸ್ ಇ, ಝಿಕಾ ಮುಖ್ಯವಾದವು. 2013–14ರಲ್ಲಿ ಫ್ರೆಂಚ್ ಪಾಲಿನೇಷ್ಯಾದಲ್ಲಿ ಝಿಕಾ ಹರಡಿದಾಗ 42 ಜನರಿಗೆ ಜಿಬಿಎಸ್ ಬಂದದ್ದು ಆ ನಂಟನ್ನು ಜಗತ್ತಿಗೆ ತೋರಿಸಿತು.

ಅಪ್ಪ ಚೆನ್ನಾಗಿಯೇ ಮಾತನಾಡುತ್ತಿದ್ದಾರೆ. ಆದರೂ ಐಸಿಯುನಲ್ಲಿ ಏಕೆ ಇಟ್ಟಿದ್ದಾರೆ?

ಉಸಿರಾಟದ ಸ್ನಾಯುಗಳು ಸೋಲುವುದು ಹೊರಗೆ ಕಾಣುವುದಿಲ್ಲ. ಇದರಲ್ಲಿ ಏದುಸಿರು ಇರುವುದಿಲ್ಲ, ಆಮ್ಲಜನಕದ ಅಂಕಿ ಕೊನೆಯವರೆಗೂ ಸರಿಯಾಗಿಯೇ ತೋರಿಸಬಹುದು. ಹೀಗಾಗಿ ವಾರ್ಡಿನಲ್ಲಿ ಒಂದು ಸರಳ ಪರೀಕ್ಷೆ ಮಾಡುತ್ತಾರೆ: ಆಳವಾಗಿ ಉಸಿರೆಳೆದು ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸುತ್ತಾ ಹೋಗುವುದು. ಬೆಳಿಗ್ಗೆ ಮೂವತ್ತರವರೆಗೆ ಹೋಗುತ್ತಿದ್ದವರು ಸಂಜೆಗೆ ಇಪ್ಪತ್ತು ಮುಟ್ಟದೆ ನಿಂತರೆ ನಮ್ಮೆಲ್ಲರ ಮುಖ ಗಂಭೀರವಾಗುತ್ತದೆ. ಉಪಕರಣದಿಂದಲೂ ಆಗಾಗ ಅಳೆಯುತ್ತಾರೆ. ಐದರಲ್ಲಿ ಒಬ್ಬರಿಗಿಂತ ಹೆಚ್ಚು ರೋಗಿಗಳಿಗೆ ವೆಂಟಿಲೇಟರ್ ಬೇಕಾಗುತ್ತದೆ. ಉಸಿರು ನಿಲ್ಲುವವರೆಗೆ ಕಾಯದೆ ಮೊದಲೇ ಹಾಕುವುದು ಕ್ಷೇಮ. ಹೃದಯ ಬಡಿತ, ರಕ್ತದೊತ್ತಡ ಏಕಾಏಕಿ ಏರಿಳಿಯುವುದೂ ಇದೆ, ಅದರ ಮೇಲೂ ಕಣ್ಣಿಡಬೇಕು.

ವೆಂಟಿಲೇಟರ್ ಎಂದೊಡನೆ ಎಲ್ಲ ಮುಗಿಯಿತೆಂದು ಅಳುವ ಮಕ್ಕಳಿಗೆ ನಾನು 1952ರ ಕೋಪನ್‌ಹೇಗನ್ನಿನ ಕಥೆ ಹೇಳುತ್ತೇನೆ. ಪೋಲಿಯೊ ಹಾವಳಿಯಲ್ಲಿ ಉಸಿರಾಟದ ಯಂತ್ರಗಳು ಸಾಲದಾದಾಗ ಅರಿವಳಿಕೆ ವೈದ್ಯ ಬ್ಯೋರ್ನ್ ಇಬ್ಸನ್ ಗಂಟಲಿನಲ್ಲಿ ರಂಧ್ರ ಮಾಡಿ, ಕೈಯಿಂದ ಚೀಲ ಒತ್ತಿ ಉಸಿರು ಕೊಡುವ ದಾರಿ ತೋರಿಸಿದರು. ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯಂತೆ ಹಗಲೂ ರಾತ್ರಿ ಮಂಚದ ಪಕ್ಕ ಕುಳಿತು ಚೀಲ ಒತ್ತಿದರು. ಇಂದಿನ ಐಸಿಯು ಹುಟ್ಟಿದ್ದೇ ಆ ವಾರ್ಡುಗಳಲ್ಲಿ. ಸೋತ ಸ್ನಾಯುಗಳು ಚೇತರಿಸಿಕೊಳ್ಳುವವರೆಗೆ ಉಸಿರನ್ನು ಕಾಯುವುದು, ಯಂತ್ರದ ಕೆಲಸ ಇಷ್ಟೇ.

ಐದು ದಿನ ದುಬಾರಿ ಇಂಜೆಕ್ಷನ್ ಕೊಟ್ಟರು. ಆರನೇ ದಿನವೂ ಕಾಲು ಎತ್ತಲಾಗುತ್ತಿಲ್ಲ. ಚಿಕಿತ್ಸೆ ಫಲಿಸಲಿಲ್ಲವೇ?

ಹಾಗಲ್ಲ. ಇಮ್ಯುನೊಗ್ಲೋಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ಇಂಜೆಕ್ಷನ್) ಅಥವಾ ಪ್ಲಾಸ್ಮಾ ಬದಲಾವಣೆ (ರಕ್ತದ ದ್ರವಭಾಗವನ್ನು ತೆಗೆದು ಬದಲಿಸುವುದು), ಎರಡೂ ಸಮಾನ ಪರಿಣಾಮದವು, ದಾಳಿಯನ್ನು ತಗ್ಗಿಸುತ್ತವೆ; ಆಗಲೇ ಆಗಿರುವ ಹಾನಿಯನ್ನು ಸರಿಪಡಿಸುವುದಿಲ್ಲ. ಹಾನಿಯನ್ನು ನರವೇ ಸರಿಪಡಿಸಿಕೊಳ್ಳಬೇಕು. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ದೌರ್ಬಲ್ಯ ತುದಿ ಮುಟ್ಟಿ, ಕೆಲ ಕಾಲ ಹಾಗೇ ನಿಂತು, ಆಮೇಲೆ ಇಳಿಯತೊಡಗುತ್ತದೆ. ‘ಇನ್ನೊಂದು ಸುತ್ತು ಕೊಡಿಸೋಣ’ ಎಂಬ ಒತ್ತಾಯ ಅರ್ಥವಾಗುತ್ತದೆ. ಆದರೆ ತೀವ್ರ ರೋಗಿಗಳಿಗೆ ಎರಡನೇ ಸುತ್ತು ಕೊಟ್ಟು ನೋಡಿದ, 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ, ರಕ್ತ ಹೆಪ್ಪುಗಟ್ಟುವಂಥ ತೊಡಕುಗಳು ಹೆಚ್ಚಿದವು. ಸಾಲ ಮಾಡುವ ಮೊದಲು ಇದನ್ನು ವೈದ್ಯರೊಂದಿಗೆ ಮಾತನಾಡಿ. ಎಂಟು ವಾರ ದಾಟಿದರೂ ದೌರ್ಬಲ್ಯ ಹೆಚ್ಚುತ್ತಲೇ ಇದ್ದರೆ ಮಾತ್ರ ರೋಗ ಬೇರೆಯದಿರಬಹುದು, ಅದಕ್ಕೆ ಚಿಕಿತ್ಸೆಯೂ ಬೇರೆ.

ಮತ್ತೆ ನಡೆಯುತ್ತಾರೆಯೇ? ದಿನಾಂಕ ಹೇಳಿ.

ದಿನಾಂಕ ಹೇಳಲಾರೆ. ಆರು ತಿಂಗಳ ಹೊತ್ತಿಗೆ ಸುಮಾರು ಶೇ 80 ಮಂದಿ ಯಾರ ಆಸರೆಯೂ ಇಲ್ಲದೆ ನಡೆಯುತ್ತಾರೆ. ನರದ ಮೇಲಿನ ಮೈಲಿನ್ ಪೊರೆ ಮಾತ್ರ ಕೆಟ್ಟಿದ್ದರೆ ವಾರಗಳಲ್ಲಿ ಸುಧಾರಣೆ ಕಾಣಬಹುದು. ಒಳಗಿನ ಎಳೆಯೇ ತುಂಡಾಗಿದ್ದರೆ ಅದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಸೊಂಟದಿಂದ ಪಾದದವರೆಗಿನ ದೂರವನ್ನು ನೀವೇ ಲೆಕ್ಕ ಹಾಕಿ. ಹಾಗಾಗಿ ತೊಡೆಗೆ ಮೊದಲು ಬಲ ಬರುತ್ತದೆ, ಪಾದ ಕೊನೆಗೆ. ಕಾಲಿನಿಂದ ಚಪ್ಪಲಿ ಜಾರಿ ಹಿಂದೆಯೇ ಉಳಿದದ್ದು ಗೊತ್ತಾಗದೆ ಮುಂದೆ ಹೋಗುವವರನ್ನು ನಾನು ಎಷ್ಟೋ ಬಾರಿ ನೋಡಿದ್ದೇನೆ. ಚಪ್ಪಲಿ ಜಾರಿದ್ದು ತಾನಾಗಿ ತಿಳಿಯುವ ದಿನವೂ ಚೇತರಿಕೆಯ ದಿನವೇ.

ಹಾಸಿಗೆಯಲ್ಲಿರುವಾಗ ಕೀಲುಗಳನ್ನು ದಿನವೂ ಆಡಿಸಬೇಕು, ಪಾದ ಕೆಳಕ್ಕೆ ಬಾಗಿ ಗಟ್ಟಿಯಾಗದಂತೆ ಆಸರೆ ಕೊಡಬೇಕು, ಮಗ್ಗುಲು ಬದಲಿಸಬೇಕು. ಬಲ ಬರುವಾಗ ಸ್ವಲ್ಪ ಸ್ವಲ್ಪವೇ ವ್ಯಾಯಾಮ. ಮಾಡಿದ ಮರುದಿನ ಬಲ ಕುಗ್ಗಿದಂತಾದರೆ ಹೆಚ್ಚಾಯಿತು ಎಂದರ್ಥ. ಬಲ ಮರಳಿದ ಮೇಲೂ ಸುಸ್ತು ಬಹುಕಾಲ ಉಳಿಯುತ್ತದೆ, ಅದನ್ನು ಸೋಮಾರಿತನ ಎನ್ನಬೇಡಿ.

ಲಸಿಕೆಯಿಂದಲೇ ಜಿಬಿಎಸ್ ಬರುತ್ತದೆ ಎಂದು ಕೇಳಿದೆ. ಲಸಿಕೆ ಬಿಡುವುದು ಒಳ್ಳೆಯದಲ್ಲವೇ?

ಈ ಭಯಕ್ಕೆ ಇತಿಹಾಸವಿದೆ. 1976ರಲ್ಲಿ ಅಮೆರಿಕದಲ್ಲಿ ಹಂದಿಜ್ವರದ ಲಸಿಕೆ ಪಡೆದವರಲ್ಲಿ ಲಕ್ಷಕ್ಕೆ ಸುಮಾರು ಒಂದರಂತೆ ಹೆಚ್ಚುವರಿ ಪ್ರಕರಣಗಳು ಕಂಡವು. ಇಂದಿನ ಫ್ಲೂ ಲಸಿಕೆಯಲ್ಲಿ ಅಪಾಯ ಇದ್ದರೂ ಹತ್ತು ಲಕ್ಷಕ್ಕೆ ಒಂದೆರಡು. ಫ್ಲೂ ಜ್ವರವೇ ಬಂದರೆ ಜಿಬಿಎಸ್ ಅಪಾಯ ಅದಕ್ಕಿಂತ ಹೆಚ್ಚು. ಆದ್ದರಿಂದ ಸಾಮಾನ್ಯರು ಬಿಡುವುದಕ್ಕೆ ಕಾರಣವಿಲ್ಲ. ಯಾವುದಾದರೂ ಲಸಿಕೆ ಪಡೆದ ಆರು ವಾರಗಳೊಳಗೆ ಹಿಂದೆ ಜಿಬಿಎಸ್ ಬಂದಿದ್ದವರು ಅದೇ ಲಸಿಕೆಯನ್ನು ಮತ್ತೆ ಪಡೆಯುವ ಮೊದಲು ನರತಜ್ಞರನ್ನು ಕೇಳಲಿ.

## ಪರೀಕ್ಷೆ ಮತ್ತು ಔಷಧ

ನರದ ಪರೀಕ್ಷೆ ಮಾಡಿಸಿದೆ, ನಾರ್ಮಲ್ ಎಂದು ಬಂತು. ಹಾಗಾದರೆ ನನ್ನ ಉರಿ ಬರೀ ಭ್ರಮೆಯೇ?

ಅಲ್ಲ. ನರದ ವಾಹಕತೆಯ ಪರೀಕ್ಷೆ ದಪ್ಪ ಎಳೆಗಳನ್ನು ಮಾತ್ರ ಅಳೆಯುತ್ತದೆ. ಉರಿ, ಬಿಸಿ, ತಣುಪಿನ ಸುದ್ದಿ ಒಯ್ಯುವ ಸಣ್ಣ ಎಳೆಗಳು ಅದರಲ್ಲಿ ಕಾಣುವುದೇ ಇಲ್ಲ. ಅದಕ್ಕೆ ಚರ್ಮದ ಚಿಕ್ಕ ಚೂರು ತೆಗೆದು ಎಳೆಗಳನ್ನು ಎಣಿಸುತ್ತಾರೆ. ಇನ್ನೊಂದು ಕಾರಣ ಸಮಯ. ಜಿಬಿಎಸ್‌ನಲ್ಲಿ ಮೊದಲ ವಾರ ಈ ಪರೀಕ್ಷೆಯೂ, ಬೆನ್ನುಹುರಿಯ ದ್ರವವೂ ಸರಿಯಾಗಿಯೇ ಇರಬಹುದು. ಲಕ್ಷಣ ಸ್ಪಷ್ಟವಿದ್ದರೆ ವರದಿಗಾಗಿ ಚಿಕಿತ್ಸೆಯನ್ನು ತಡೆಯುವುದಿಲ್ಲ.

ಬಿ ವಿಟಮಿನ್ ಮಾತ್ರೆ ತಿಂದರೆ ನರಕ್ಕೆ ಶಕ್ತಿ ಬರುತ್ತದಂತೆ?

ಬಿ12 ಕೊರತೆ ಇದ್ದವರಿಗೆ ಅದೇ ಸರಿಯಾದ ಔಷಧ. ಕೊರತೆ ಇಲ್ಲದವರಿಗೆ ವೈರಸ್ಸಿನಿಂದಾದ ಹಾನಿಯನ್ನು ಅದು ಸರಿಪಡಿಸುತ್ತದೆ ಎನ್ನಲು ಆಧಾರವಿಲ್ಲ. ಬಿ6 ವಿಚಾರದಲ್ಲಿ ಎಚ್ಚರಿಕೆ ಬೇಕು: ಹೆಚ್ಚು ಪ್ರಮಾಣದಲ್ಲಿ ಬಹುಕಾಲ ತಿಂದರೆ ಅದೇ ನರವನ್ನು ಕೆಡಿಸಿ ಪಾದದಲ್ಲಿ ಜೋಮು ತರುತ್ತದೆ. ಮಾತ್ರೆಯ ಡಬ್ಬಿಯ ಹಿಂಬದಿ ಓದಿ.

ಪರಿಚಯದವರೊಬ್ಬರಿಗೆ ಸ್ಟೀರಾಯ್ಡ್ ಕೊಟ್ಟು ಗುಣವಾಯಿತು. ನಮಗೆ ಬೇಡ ಎಂದರು. ಏಕೆ?

ಅವರಿಗೆ ಬಹುಶಃ ಬೆಲ್ಸ್ ಪಾಲ್ಸಿ ಇತ್ತು. ಜಿಬಿಎಸ್‌ನಲ್ಲಿ ಸ್ಟೀರಾಯ್ಡ್ ಮಾತ್ರೆಗಳಿಂದ ಉಪಯೋಗವಿಲ್ಲ, ಚೇತರಿಕೆ ತಡವಾಗಲೂಬಹುದು.

## ಸ್ವಲ್ಪ ಆಳದ ಪ್ರಶ್ನೆಗಳು

ಕೋವಿಡ್ ನಂತರ ವಾಸನೆ ಹೋಯಿತು. ವಾಸನೆಯ ನರವೇ ಸತ್ತಿದೆಯೇ?

ಬಹುಪಾಲು ಜನರಲ್ಲಿ ಇಲ್ಲ. ಕೊರೊನಾ ವೈರಸ್ ಮುಖ್ಯವಾಗಿ ಹಿಡಿಯುವುದು ವಾಸನೆಯ ನರಕೋಶಗಳಿಗೆ ಆಸರೆಯಾಗಿ ನಿಂತ ಕೋಶಗಳನ್ನು. ಅವು ಕುಸಿದಾಗ ನರಕೋಶಗಳೂ ಕೆಲಸ ನಿಲ್ಲಿಸುತ್ತವೆ. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಈ ನಾಲ್ಕು ಪರಿಮಳಗಳನ್ನು ದಿನಕ್ಕೆರಡು ಬಾರಿ ಮನಸ್ಸಿಟ್ಟು ಮೂಸುವ ಅಭ್ಯಾಸವನ್ನು ಕನಿಷ್ಠ ಮೂರು ತಿಂಗಳು ಮಾಡಿ. ನಡುವೆ ಎಲ್ಲವೂ ಸುಟ್ಟ ವಾಸನೆಯಂತೆ ಕಂಡರೆ ಗಾಬರಿಯಾಗಬೇಡಿ, ಚೇತರಿಕೆಯ ಹಾದಿಯಲ್ಲಿ ಹಾಗಾಗುವುದುಂಟು. ಅಡುಗೆ ಅನಿಲ ಸೋರಿದರೆ ನಿಮಗೆ ತಿಳಿಯುವುದಿಲ್ಲ ಎಂಬುದು ನೆನಪಿರಲಿ.

ಮಗುವಾಗಿದ್ದಾಗ ಪೋಲಿಯೊ ಬಂದಿತ್ತು. ನಲವತ್ತು ವರ್ಷ ಚೆನ್ನಾಗಿದ್ದ ಕಾಲು ಈಗ ಸೋಲುತ್ತಿದೆ. ವೈರಸ್ ಮರಳಿತೇ?

ಇಲ್ಲ, ಇದು ಪೋಲಿಯೊ ನಂತರದ ಸಿಂಡ್ರೋಮ್. ಆಗ ಉಳಿದ ನರಕೋಶಗಳು ಹೊಸ ಕವಲು ಚಾಚಿ, ಅನಾಥವಾದ ಸ್ನಾಯುವಿನ ಎಳೆಗಳನ್ನೂ ತಾವೇ ನೋಡಿಕೊಂಡವು. ದಶಕಗಳ ಆ ಹೊರೆಗೆ ಅವು ಈಗ ಬಳಲುತ್ತಿವೆ. ನಿಮ್ಮಂಥವರು ಛಲದಿಂದ ಬದುಕು ಕಟ್ಟಿಕೊಂಡವರು, ‘ಇನ್ನಷ್ಟು ವ್ಯಾಯಾಮ ಮಾಡುತ್ತೇನೆ’ ಎನ್ನುತ್ತೀರಿ. ಇಲ್ಲಿ ಮಾತ್ರ ಅದು ತಿರುಗುಬಾಣವಾಗಬಹುದು. ಕೆಲಸದ ನಡುವೆ ವಿಶ್ರಾಂತಿ, ಹಗುರವಾದ ಕ್ಯಾಲಿಪರ್, ದಣಿಯುವ ಮೊದಲೇ ನಿಲ್ಲಿಸುವ ವ್ಯಾಯಾಮ ಸಾಕು.

ಭುಜದಲ್ಲಿ ತಡೆಯಲಾರದ ನೋವು ಬಂದು, ಹತ್ತು ದಿನಕ್ಕೆ ಕೈ ಎತ್ತಲಾಗದಂತಾಯಿತು. ಲಿವರ್ ಪರೀಕ್ಷೆ ಏಕೆ ಬರೆದರು?

ಭುಜದ ನರಜಾಲ ಊದಿಕೊಳ್ಳುವ ಈ ಕಾಯಿಲೆ ಕೆಲವರಲ್ಲಿ ಹೆಪಟೈಟಿಸ್ ಇ ಸೋಂಕಿನೊಂದಿಗೆ ಬರುತ್ತದೆ, ಅದರಲ್ಲೂ ಎರಡೂ ಭುಜಕ್ಕೆ ಬಂದಾಗ. ಕಾಮಾಲೆ ಕಾಣದೆಯೂ ಈ ಸೋಂಕು ಇರಬಹುದು, ಆದ್ದರಿಂದ ಆ ಪರೀಕ್ಷೆ. ಪಾದಗಳೆರಡೂ ಸಮವಾಗಿ ಉರಿಯುವವರಲ್ಲಿ ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಪರೀಕ್ಷೆ ಬರೆಯುವುದೂ ಇಂಥದ್ದೇ ಕಾರಣಕ್ಕೆ. ಅದನ್ನು ಅವಮಾನವೆಂದು ತಿಳಿಯಬೇಡಿ. ಇವೆರಡಕ್ಕೂ ಈಗ ಒಳ್ಳೆಯ ಔಷಧಗಳಿವೆ.

ಎಪ್‌ಸ್ಟೈನ್ ಬಾರ್ ವೈರಸ್ಸಿನಿಂದ ಮಲ್ಟಿಪಲ್ ಸ್ಕ್ಲೆರೋಸಿಸ್ ಬರುತ್ತದೆ ಎಂದು ಓದಿದೆ. ನನ್ನ ರಕ್ತದಲ್ಲಿ ಅದರ ಪ್ರತಿಕಾಯ ಇದೆ. ನನಗೂ ಬರುತ್ತದೆಯೇ?

ಬಹುತೇಕ ಖಂಡಿತವಾಗಿ ಇಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರೆ ಮೆದುಳು ಮತ್ತು ಬೆನ್ನುಹುರಿಯ ನರದ ಎಳೆಗಳ ಮೈಲಿನ್ ಪೊರೆ ಕೆಡುವ ಕಾಯಿಲೆ. ಒಂದು ಕೋಟಿಗೂ ಹೆಚ್ಚು ಅಮೆರಿಕನ್ ಸೈನಿಕ ಸಿಬ್ಬಂದಿಯ ದಾಖಲೆಗಳ ಮೇಲೆ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಸದಾಗಿ ಈ ವೈರಸ್ ತಗುಲಿದ ನಂತರ ಮಲ್ಟಿಪಲ್ ಸ್ಕ್ಲೆರೋಸಿಸ್ ಅಪಾಯ 32 ಪಟ್ಟು ಏರಿದ್ದು ಕಂಡಿತು. ಇದು ಮಹತ್ವದ ಸಾಕ್ಷ್ಯ. ಆದರೆ ವಯಸ್ಕರಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಮಂದಿಗೆ ಈ ಸೋಂಕು ಆಗಿರುತ್ತದೆ, ರೋಗ ಬರುವುದು ಅವರಲ್ಲಿ ಬೆರಳೆಣಿಕೆಯವರಿಗೆ. ವಂಶವಾಹಿಗಳು ಮತ್ತಿತರ ಕಾರಣಗಳೂ ಕೂಡಿಬರಬೇಕು. ಲಕ್ಷಣವಿಲ್ಲದೆ ಪ್ರತಿಕಾಯದ ವರದಿ ಹಿಡಿದು ಸ್ಕ್ಯಾನಿಂಗ್‌ಗೆ ಓಡುವ ಅಗತ್ಯವಿಲ್ಲ. ಒಂದು ಕಣ್ಣಿನ ದೃಷ್ಟಿ ದಿನಗಳಲ್ಲಿ ಮಂಕಾಗಿ ಕಣ್ಣಾಡಿಸಿದರೆ ನೋವಾಗುವುದು, ಸೊಂಟದ ಕೆಳಗೆ ಮರಗಟ್ಟುವುದು, ಇಂಥದ್ದೇನಾದರೂ ಒಂದು ದಿನಕ್ಕಿಂತ ಹೆಚ್ಚು ಉಳಿದರೆ ನರತಜ್ಞರನ್ನು ಕಾಣಿರಿ.